ನಮ್ಮೂರಿನ ದೊಡ್ಡವರೂ ನಾವು ಕೇಳದ ಪ್ರಶ್ನೆಯೂ

ಸಿದ್ದಾಪುರ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಒಂದು ಹೆಮ್ಮೆ ಹುಟ್ಟಿನ ಜತೆಗೇ ಬರುತ್ತದೆ. ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ನಮ್ಮವರು ಎಂಬ ಹೆಮ್ಮೆ ಅದು. ದೂರದ ಊರಿನ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವರು ‘ಯಾವ ಕಡೆಯವರು?’ ಎಂದು ಕೇಳುತ್ತಾರೆ. ಸಿದ್ದಾಪುರ ಎಂದೊಡನೆ, ‘ಓಹೋ, ಹೆಗಡೆಯವರ ಊರು! ಅಂಥ ಮನುಷ್ಯ ಮತ್ತೆ ಬರಲಿಲ್ಲ ಬಿಡಿ’ ಎನ್ನುತ್ತಾರೆ. ನಾವು ಹೌದೆಂದು ತಲೆಯಾಡಿಸುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆ ತಲೆಯಾಡಿಸಿಕೊಂಡೇ ಬಂದವಳು. ಈ ಬರಹದಲ್ಲಿ ನಾನು ಜಗಳ ತೆಗೆಯಬೇಕೆಂದಿರುವುದು ಆ ತಲೆಯಾಡಿಸುವ ಅಭ್ಯಾಸದ ಮೇಲೆ.

ಮೊದಲು ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. 1983ರ ಜನವರಿಯಲ್ಲಿ ಅವರು ಮುಖ್ಯಮಂತ್ರಿಯಾದಾಗ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಮರುವರ್ಷ ಲೋಕಾಯುಕ್ತ ಕಾಯ್ದೆಯಾಯಿತು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 28ರಲ್ಲಿ ಬರೀ 4 ಸ್ಥಾನ ಸಿಕ್ಕಾಗ, ಯಾರೂ ಕೇಳದಿದ್ದರೂ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ 139 ಶಾಸಕರೊಂದಿಗೆ ತಿರುಗಿ ಬಂದರು. ಅಬ್ದುಲ್ ನಜೀರ್ ಸಾಬ್ ಅವರಂಥ ಮಂತ್ರಿಯನ್ನು ನಂಬಿ ಪಂಚಾಯತಿಗಳ ಕೈಗೆ ಅಧಿಕಾರ ಕೊಟ್ಟರು. 1987ರ ಜನವರಿಯ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಚುನಾವಣೆಯಲ್ಲಿ ಹೆಂಗಸರಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಿತ್ತು. ದೇಶಕ್ಕೆಲ್ಲ ಅನ್ವಯವಾಗುವಂಥ ಮೀಸಲಾತಿ ಸಂವಿಧಾನದಲ್ಲಿ ಬರುವುದಕ್ಕೆ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಹೆಂಗಸರು ಮಂಡಲದ ಕುರ್ಚಿಯಲ್ಲಿ ಕೂತಿದ್ದರು. ಇದನ್ನೆಲ್ಲ ಮರೆತು ಬರೆದರೆ ನಾನೇ ಸುಳ್ಳುಗಾತಿಯಾಗುತ್ತೇನೆ.

ಆದರೆ ಅವರು ರಾಜಕಾರಣಕ್ಕೆ ಒಂದು ಹೆಸರಿಟ್ಟರು. ಮೌಲ್ಯಾಧಾರಿತ ರಾಜಕಾರಣ. ಭಾಷಣದಲ್ಲಿ, ಪತ್ರಿಕೆಯಲ್ಲಿ, ಗೋಡೆ ಬರಹದಲ್ಲಿ ಎಲ್ಲ ಕಡೆ ಅದೇ ಮಾತು. ಅಂಗಡಿಯವನು ‘ನನ್ನದು ಸಾಧಾರಣ ತಕ್ಕಡಿ’ ಎಂದರೆ ಗಿರಾಕಿ ಒಂದಷ್ಟು ಹೆಚ್ಚುಕಮ್ಮಿಗೆ ತಯಾರಾಗಿಯೇ ಇರುತ್ತಾನೆ. ‘ನನ್ನ ತಕ್ಕಡಿಯಲ್ಲಿ ಗುಂಜಿ ತೂಕವೂ ತಪ್ಪುವುದಿಲ್ಲ’ ಎಂದು ಬೋರ್ಡು ಹಾಕಿಕೊಂಡವನನ್ನು ಆ ಬೋರ್ಡಿನ ಪ್ರಕಾರವೇ ಅಳೆಯಬೇಕು. ನಾವು ಅಳೆಯಲಿಲ್ಲ.

1988ರ ಆಗಸ್ಟ್ ತಿಂಗಳು. ನಾನಾಗ ಶಿರಸಿಯಲ್ಲಿ ಬಿ.ಎ. ಓದುತ್ತಿದ್ದೆ. ಮನೆಗೆ ಬಂದಿದ್ದ ದಿನ ಸಂಜೆ, ಹೊರಗೆ ಬಿಡದೆ ಹೊಯ್ಯುವ ಮಳೆ. ಜಗುಲಿಯಲ್ಲಿ ಅಪ್ಪಯ್ಯ, ದೊಡ್ಡಪ್ಪ, ಆಚೆಮನೆ ಈಚೆಮನೆಯ ನಾಲ್ಕಾರು ಜನ ಕವಳದ ಬಟ್ಟಲು ಸುತ್ತುಗಟ್ಟಿ ಕೂತು ರೇಡಿಯೋಕ್ಕೆ ಕಿವಿ ಕೊಟ್ಟಿದ್ದರು. ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿಗಳು ರಾಜೀನಾಮೆ ನೀಡಿದ್ದಾರೆ ಎಂದು ವಾರ್ತೆ ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ತೊಡೆ ತಟ್ಟಿ, ಕುರ್ಚಿಯನ್ನು ಹೀಗೆ ಒದ್ದು ಬರುವ ಗಂಡಸು ಇಂಡಿಯಾದಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ ಎಂದರು. ಎಲ್ಲರ ಮುಖವೂ ಬೆಳಗಿತು. ನಾನು ಬಾಗಿಲ ಸಂದಿಯಲ್ಲಿ ನಿಂತವಳು, ‘ಹಾಗಾದರೆ ಫೋನು ಕೇಳಿಸಿಕೊಳ್ಳಲಿಕ್ಕೆ ಹೇಳಿದ್ದು ಯಾರು?’ ಎಂದುಬಿಟ್ಟೆ. ‘ತಂಗೀ, ಸುಮ್ನಿರು. ನಿಂಗೆ ಎಂತದೂ ಗೊತ್ತಿಲ್ಲೆ’ ಎಂದು ಅಪ್ಪಯ್ಯ ಗದರಿದರು. ನಾನು ಒಳಗೆ ಹೋದೆ. ಒಲೆಯ ಮುಂದೆ ಕೂತಿದ್ದ ಆಯಿ ತಲೆಯೆತ್ತದೆ ಹೇಳಿದಳು: ‘ಕುರ್ಚಿ ಬಿಟ್ಟಿದ್ದೇನೋ ಸರಿ. ಕದ್ದು ಕೇಳಿದ್ದು ಯಾರು ಹೇಳದು ಬಗೆಹರಿದ್ದೇ ಇಲ್ಲೆ.’

ಆಯಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಆದರೆ ಕದ್ದು ಕೇಳುವುದು ಎಂದರೇನೆಂದು ಆ ಜಗುಲಿಯ ಗಂಡಸರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾರಣವಿದೆ. ನನ್ನ ಅಕ್ಕನನ್ನು ಮುಂಬೈಗೆ ಕೊಟ್ಟಿತ್ತು. ಊರಿಗೆಲ್ಲ ಇದ್ದದ್ದು ಸೊಸೈಟಿಯ ಒಂದೇ ಫೋನು. ತಿಂಗಳಿಗೊಮ್ಮೆ ಅಕ್ಕ ಟ್ರಂಕ್ ಕಾಲ್ ಮಾಡುತ್ತಿದ್ದಳು. ಸೊಸೈಟಿಯಲ್ಲಿ ಸಕ್ಕರೆಗೆ, ಸೀಮೆಎಣ್ಣೆಗೆ ಬಂದವರೆಲ್ಲ ಮಾತು ನಿಲ್ಲಿಸಿ ಆಯಿಯ ಬಾಯಿಯನ್ನೇ ನೋಡುತ್ತಿದ್ದರು. ನಡುವೆ ಎಕ್ಸ್‌ಚೇಂಜಿನವರ ಕಿವಿ ಬೇರೆ. ಆ ಕಡೆ ಅಕ್ಕನ ಬೆನ್ನಿಗೆ ಅತ್ತೆ ನಿಂತಿರುತ್ತಿದ್ದಳು. ‘ಆರಾಮಿದ್ಯನೇ?’ ‘ಆರಾಮಿದ್ದಿ.’ ಅಷ್ಟೇ ಮಾತು, ಮೂರು ನಿಮಿಷ ಮುಗಿಯುತ್ತಿತ್ತು. ಅಕ್ಕ ಆರಾಮಿರಲಿಲ್ಲ. ಅವಳು ಎರಡು ವರ್ಷದ ಮಗುವನ್ನು ಎತ್ತಿಕೊಂಡು ದೀಪಾವಳಿಗೆಂದು ಬಂದವಳು ತಿರುಗಿ ಹೋಗಲೇ ಇಲ್ಲವಲ್ಲ, ಆಗ ನಮಗೆ ಎಲ್ಲ ಗೊತ್ತಾಯಿತು. ಮೂರನೆಯವರ ಕಿವಿ ಇದೆ ಎಂದಾಗ ಮನುಷ್ಯ ನಿಜ ಹೇಳಲಾರ ಎಂಬುದನ್ನು ಆಯಿ ಹೊಟ್ಟೆಯ ಸಂಕಟದಿಂದ ಕಲಿತಿದ್ದಳು. ಕದ್ದಾಲಿಕೆ ಎಂಬುದು ಬೆಂಗಳೂರಿನ ದೊಡ್ಡವರ ಚದುರಂಗದಾಟ, ನಮಗೇನು ಎನ್ನುವ ಹೆಂಗಸರಿದ್ದರೆ ಅವರು ಒಮ್ಮೆ ತಮ್ಮ ತವರುಮನೆಯ ಫೋನನ್ನು ನೆನೆಸಿಕೊಳ್ಳಲಿ.

ಬೆಂಗಳೂರಿನಲ್ಲಿ ನಡೆದದ್ದಾದರೂ ಏನು? ಆ ವರ್ಷ ದೇವೇಗೌಡರೂ ಅಜಿತ್ ಸಿಂಗರೂ ಫೋನಿನಲ್ಲಿ ಆಡಿದ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಒಂದೊಂದಾಗಿ ಹೊರಬಿತ್ತು. ರಾಜ್ಯದ ಪೊಲೀಸರ ಕೋರಿಕೆಯ ಮೇಲೆ ರಾಜಕಾರಣಿಗಳ ಫೋನುಗಳಿಗೆ ಕಿವಿ ಇಡಲಾಗಿತ್ತು. ಅವರಲ್ಲಿ ವಿರೋಧ ಪಕ್ಷದವರು ಮಾತ್ರವಲ್ಲ, ಮುಖ್ಯಮಂತ್ರಿಗಳ ಸ್ವಂತ ಪಕ್ಷದ ಭಿನ್ನಮತೀಯರೂ ಇದ್ದರು. ಆಗ ಜಾರಿಯಲ್ಲಿದ್ದ 1885ರ ಟೆಲಿಗ್ರಾಫ್ ಕಾಯ್ದೆ ಬ್ರಿಟಿಷರು ಮಾಡಿದ್ದು. ಅವರಾದರೂ ಅದರ 5ನೇ ಕಲಮಿನಲ್ಲಿ ಒಂದು ಬೇಲಿ ಹಾಕಿದ್ದರು. ಸಾರ್ವಜನಿಕ ತುರ್ತು ಸ್ಥಿತಿ ಇರಬೇಕು, ಇಲ್ಲವೆ ಸಾರ್ವಜನಿಕ ಸುರಕ್ಷತೆಗೆ ಬೇಕಾಗಿರಬೇಕು. ಆಗ ಮಾತ್ರ ಇನ್ನೊಬ್ಬರ ಸಂದೇಶಕ್ಕೆ ಸರ್ಕಾರ ಕೈಹಾಕಬಹುದು. ಪಕ್ಷದೊಳಗೆ ನಾಲ್ಕು ಜನ ಮುನಿಸಿಕೊಂಡದ್ದು ಯಾವ ತುರ್ತು ಸ್ಥಿತಿ? ಮುಖ್ಯಮಂತ್ರಿಯ ಕುರ್ಚಿ ಅಲುಗಿದರೆ ಯಾವ ಸಾರ್ವಜನಿಕರ ಸುರಕ್ಷತೆಗೆ ಧಕ್ಕೆ? ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಜೈಲಿಗೆ ಹಾಕಿದವರಲ್ಲಿ ಹೆಗಡೆಯವರೂ ಒಬ್ಬರು. ಆಳುವವರ ಕಿವಿ ಎಲ್ಲಿಯವರೆಗೆ ಬರಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇದಕ್ಕೆ ಸಿಕ್ಕ ಉತ್ತರ ‘ನೈತಿಕ ಹೊಣೆ’. ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಳೆದವಳು. ತರಗತಿಯ ಕಪಾಟಿನಿಂದ ಒಬ್ಬಳ ಪರೀಕ್ಷಾ ಫೀಜು ಕಾಣೆಯಾಗಿದೆ ಎಂದಿಟ್ಟುಕೊಳ್ಳಿ. ಯಾರು ತೆಗೆದದ್ದು ಎಂದು ಕೇಳುತ್ತೇನೆ. ತರಗತಿಯ ಮುಂದಾಳು ಹುಡುಗ, ಜಾಣ, ಎಲ್ಲರ ಅಚ್ಚುಮೆಚ್ಚಿನವನು, ಎದ್ದು ನಿಲ್ಲುತ್ತಾನೆ. ‘ಟೀಚರ್, ನಾನು ಕ್ಲಾಸ್ ಲೀಡರ್. ನನಗೆ ನೈತಿಕ ಹೊಣೆ ಇದೆ. ನಾನು ಹೊರಗೆ ನಿಲ್ಲುತ್ತೇನೆ’ ಎಂದು ಎದೆ ಸೆಟೆಸಿ ಹೊರಗೆ ಹೋಗುತ್ತಾನೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯ ಸದ್ದಿನಲ್ಲಿ ನನ್ನ ಪ್ರಶ್ನೆ ಎಲ್ಲಿಗೆ ಹೋಯಿತು? ಫೀಜು ಕಳೆದುಕೊಂಡ ಹುಡುಗಿ ಇನ್ನೂ ಅಳುತ್ತ ಕೂತಿದ್ದಾಳೆ. ಅವನೇ ಕದ್ದ ಎಂದು ನಾನು ಹೇಳುತ್ತಿಲ್ಲ. ಅವನು ಉತ್ತರ ಕೊಡಲಿಲ್ಲ ಎನ್ನುತ್ತಿದ್ದೇನೆ. ಉತ್ತರ ಕೊಡದೆ ಇದ್ದದ್ದಕ್ಕೆ ಅವನಿಗೆ ಶಭಾಸ್‌ಗಿರಿಯೂ ಸಿಕ್ಕಿತು.

ಸುಳ್ಳು ಎಂದರೆ ಇಲ್ಲದ್ದನ್ನು ಇದೆ ಎನ್ನುವುದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ದೊಡ್ಡವರ ಸುಳ್ಳು ಅಷ್ಟು ಬಡವಾಗಿರುವುದಿಲ್ಲ. ಹೇಳಬೇಕಾದ ಸಣ್ಣ ನಿಜವೊಂದನ್ನು ದೊಡ್ಡ ಮಾತಿನ ಕೆಳಗೆ ಅಡಗಿಸುವುದೂ ಸುಳ್ಳೇ. ಸಣ್ಣ ನಿಜ ಯಾವುದು? ‘ಇಂಥವರ ಹೆಸರಿನ ಪಟ್ಟಿಗೆ ಇಂಥವರು ಒಪ್ಪಿಗೆ ಕೊಟ್ಟರು. ನನಗೆ ಇಂಥ ದಿನ ಗೊತ್ತಾಯಿತು.’ ಎರಡು ವಾಕ್ಯ. ಅದರ ಜಾಗದಲ್ಲಿ ನಮಗೆ ಸಿಕ್ಕಿದ್ದು ನೈತಿಕತೆ ಎಂಬ ನಾಲ್ಕಕ್ಷರದ ಪೀಠ.

ಇದು ಮೊದಲ ಸಲವೂ ಆಗಿರಲಿಲ್ಲ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟಲಿ ತುಂಬುವ ಗುತ್ತಿಗೆಗಳನ್ನು ಕೊಟ್ಟ ರೀತಿಗೆ ರಾಜ್ಯದ ಹೈಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. 13ನೇ ತಾರೀಖು ಹೆಗಡೆಯವರು ರಾಜೀನಾಮೆ ಕೊಟ್ಟರು. ಊರೆಲ್ಲ ಕೊಂಡಾಡಿತು. 16ನೇ ತಾರೀಖು ಅದನ್ನು ಹಿಂದಕ್ಕೆ ಪಡೆದರು. ಊರು ಮತ್ತೂ ಕೊಂಡಾಡಿತು. ಸಂಕಟವಾದರೆ ಒಂದು ರಾಜೀನಾಮೆ, ಸಂಕಟ ಕಳೆದರೆ ಅದರ ವಾಪಸಾತಿ. ಮೂರು ದಿನಕ್ಕೆ ಸೂತಕವೂ ಪೂರ್ತಿ ಕಳೆಯುವುದಿಲ್ಲ. ಗುತ್ತಿಗೆ ಯಾರಿಗೆ ಯಾಕೆ ಹೋಯಿತು ಎಂಬ ಮಾತು ಆ ಮೂರು ದಿನದ ನಾಟಕದಲ್ಲಿ ಹಿಂದಕ್ಕೆ ಸರಿಯಿತು. ಅದು ಸಾರಾಯಿ ಎಂಬುದನ್ನು ಹೆಂಗಸರು ಮರೆಯಬಾರದು. ಗಂಡನ ಕೂಲಿಯನ್ನು ಸಂಜೆಯೊಳಗೆ ನುಂಗುತ್ತಿದ್ದ ಆ ಪೊಟ್ಟಣ, ಬಾಟಲಿಗಳು ಕರ್ನಾಟಕದಲ್ಲಿ ನಿಂತದ್ದು 2007ರ ಜುಲೈ 1ರಂದು. ಅಲ್ಲಿಯವರೆಗೆ ಅದರ ಲಾಭ ಯಾರ ಕೈಗೆ ಹೇಗೆ ಹೋಗುತ್ತಿತ್ತು ಎಂದು ಕೇಳುವ ಹಕ್ಕು ಬೇರೆ ಯಾರಿಗಿಂತಲೂ ನಮ್ಮ ಶಾಲೆಗೆ ಬರಿಹೊಟ್ಟೆಯಲ್ಲಿ ಬರುತ್ತಿದ್ದ ಮಕ್ಕಳ ತಾಯಂದಿರಿಗಿತ್ತು.

ಹೆಗಡೆಯವರ ಅಭಿಮಾನಿಗಳು ಇಲ್ಲಿ ನನ್ನನ್ನು ತಡೆಯುತ್ತಾರೆ. ‘ಯಾವ ಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿದೆ ಹೇಳಿ ನೋಡೋಣ’ ಎನ್ನುತ್ತಾರೆ. ಯಾವ ಕೋರ್ಟೂ ಕೊಟ್ಟಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ವಿಚಾರಣಾ ಆಯೋಗ 1990ರ ಜೂನ್ 22ರಂದು ವರದಿ ಕೊಟ್ಟಿತು. ವರದಿ ಹೆಗಡೆಯವರ ವಿರುದ್ಧವಾಗಿತ್ತು. ಆಗ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಅವರು ಆ ಹುದ್ದೆಯನ್ನೂ ಬಿಟ್ಟರು. ಆದರೆ ವರದಿಯನ್ನು ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಆಗಸ್ಟ್ 13ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಆಯೋಗವನ್ನೇ ಕಟುವಾಗಿ ಟೀಕಿಸಿ ಸಂಪಾದಕೀಯ ಬರೆಯಿತು. ಅದರ ಮೇಲೆ ಅರುಣ್ ಶೌರಿಯವರ ವಿರುದ್ಧ ಹೂಡಿದ ನ್ಯಾಯಾಂಗ ನಿಂದನೆಯ ಮೊಕದ್ದಮೆ 2014ರವರೆಗೆ ನಡೆಯಿತು. ಅಂಥ ಆಯೋಗ ನ್ಯಾಯಾಲಯವಲ್ಲ, ಅದರ ಟೀಕೆ ನ್ಯಾಯಾಂಗ ನಿಂದನೆಯಲ್ಲ ಎಂದು ಸುಪ್ರೀಂ ಕೋರ್ಟು ಕೊನೆಗೆ ಹೇಳಿತು. ಆದ್ದರಿಂದ ಆಯೋಗದ ಮಾತೇ ಕೊನೆಯ ಮಾತೆಂದು ನಾನು ವಾದಿಸುವುದಿಲ್ಲ. ಕೇಳುವುದಿಷ್ಟೆ: ‘ಕೋರ್ಟು ಶಿಕ್ಷೆ ಕೊಟ್ಟಿಲ್ಲ’ ಎನ್ನುವುದು ಸಾಧಾರಣ ರಾಜಕಾರಣಿಯ ಸಮರ್ಥನೆ. ಮೌಲ್ಯಾಧಾರಿತ ಎಂದು ಬೋರ್ಡು ಹಾಕಿಕೊಂಡವರೂ ಅದೇ ಸಮರ್ಥನೆಯಲ್ಲಿ ನಿಲ್ಲಬೇಕಾಯಿತಾದರೆ ಆ ಬೋರ್ಡು ಯಾಕೆ?

ಈ ಕತೆಯಲ್ಲಿ ಇನ್ನೊಂದು ತಿರುವು ಇದೆ. 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಫೋನ್ ಕದ್ದಾಲಿಕೆಯ ಬಗ್ಗೆ ತೀರ್ಪು ಕೊಟ್ಟಿತು. ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬದುಕಿನ ಭಾಗ ಎಂದಿತು. ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕೇಳಕೂಡದು, ಆದೇಶವನ್ನು ಎರಡು ತಿಂಗಳೊಳಗೆ ಸಮಿತಿ ಪರಿಶೀಲಿಸಬೇಕು ಎಂದೆಲ್ಲ ಕಟ್ಟಳೆ ಮಾಡಿತು. ಆ ತೀರ್ಪು ಬರೆದವರು ಅದೇ ಕುಲದೀಪ್ ಸಿಂಗ್.

‘ಬೇರೆಯವರು ಇದಕ್ಕಿಂತ ಹೆಚ್ಚು ಮಾಡಿದ್ದಾರೆ’ ಎಂಬುದು ಎರಡನೆಯ ಸಮರ್ಥನೆ. ಹೌದು, ಮಾಡಿದ್ದಾರೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ಕೂಡ ಕದ್ದಾಲಿಕೆಯ ಕೆಸರಿನಲ್ಲೇ ಬಿದ್ದು 1974ರ ಆಗಸ್ಟಿನಲ್ಲಿ ಕುರ್ಚಿ ಬಿಟ್ಟವರು. ಆದರೆ ಅವರು ಬಿಡುವ ಮೊದಲು ಅಲ್ಲಿಯ ಸುಪ್ರೀಂ ಕೋರ್ಟು ಧ್ವನಿಮುದ್ರಿಕೆಗಳನ್ನು ಒಪ್ಪಿಸಿ ಎಂದು ಆಜ್ಞೆ ಮಾಡಿತ್ತು. ಅಧ್ಯಕ್ಷರು ಏನು ಬಲ್ಲವರಾಗಿದ್ದರು, ಎಂದಿನಿಂದ ಬಲ್ಲವರಾಗಿದ್ದರು ಎಂಬುದನ್ನು ಜನ ಅವರ ದನಿಯಲ್ಲೇ ತಿಳಿದುಕೊಂಡರು. ಅಲ್ಲಿ ಮೊದಲು ನಿಜ ಹೊರಗೆ ಬಂತು, ಆಮೇಲೆ ರಾಜೀನಾಮೆ. ನಮ್ಮಲ್ಲಿ ರಾಜೀನಾಮೆ ಮೊದಲು ಬಂತು. ನಿಜ ದಾರಿಯಲ್ಲೇ ಉಳಿಯಿತು.

ಮೂರನೆಯದು, ‘ತೀರಿಹೋದವರ ಬಗ್ಗೆ ಈಗ ಯಾಕೆ?’ 2004ರ ಜನವರಿಯಲ್ಲಿ ಅವರು ತೀರಿಕೊಂಡ ದಿನ ನಾನೂ ಮನೆಯಲ್ಲಿ ಮಂಕಾಗಿ ಕೂತಿದ್ದೆ. ಅವರ ಮೇಲೆ ನನಗೆ ದ್ವೇಷವಿಲ್ಲ. ಈಗ ಯಾಕೆಂದರೆ, ಆ ದಿನ ಕೇಳದೆ ಬಿಟ್ಟ ಪ್ರಶ್ನೆಯ ಮೇಲೆ ಆಮೇಲಿನವರು ಮನೆ ಕಟ್ಟಿಕೊಂಡರು. 2019ರ ಆಗಸ್ಟಿನಲ್ಲಿ ಕರ್ನಾಟಕದಲ್ಲಿ ಮತ್ತೆ ಫೋನ್ ಕದ್ದಾಲಿಕೆಯ ಆರೋಪ ಎದ್ದು, ಸರ್ಕಾರ ಅದನ್ನು ಸಿಬಿಐಗೆ ಒಪ್ಪಿಸಿತು. ಅದೇ ವರ್ಷ ನಮ್ಮ ಪಕ್ಕದ ಯಲ್ಲಾಪುರ ಕ್ಷೇತ್ರದಲ್ಲಿ ಏನಾಯಿತು? 2018ರಲ್ಲಿ ಕಾಂಗ್ರೆಸ್ಸಿನ ಹೆಸರಿನಲ್ಲಿ ಮತ ಪಡೆದ ಶಿವರಾಮ ಹೆಬ್ಬಾರರು ಮರುವರ್ಷ ರಾಜೀನಾಮೆ ಕೊಟ್ಟರು, ಅನರ್ಹರಾದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯಾದರು. 2025ರಲ್ಲಿ ಆ ಪಕ್ಷವೂ ಅವರನ್ನು ಉಚ್ಚಾಟಿಸಿತು. ಪಕ್ಷ ಬಿಡುವುದು ಬಿಡದಿರುವುದು ಅವರ ಲೆಕ್ಕ. ನನ್ನ ಲೆಕ್ಕ ಮತ ಹಾಕಿದವರ ಜತೆ. ಆ ಉಪಚುನಾವಣೆಯ ಹೊತ್ತಿಗೆ ಯಲ್ಲಾಪುರದ ನನ್ನ ಗೆಳತಿಯ ಮನೆಗೆ ಹೋಗಿದ್ದೆ. ‘ಹೋದ ವರ್ಷ ಕೊಟ್ಟ ಮಾತು ಏನಾಯಿತು ಎಂದು ಯಾರಾದರೂ ಕೇಳಿದಿರಾ?’ ಎಂದೆ. ಅವಳು ನಕ್ಕು, ‘ಅಯ್ಯೋ ಅಕ್ಕೋರೇ, ರಾಜೀನಾಮೆ ಕೊಟ್ಟಾಯಿತಲ್ಲ, ಇನ್ನೇನು ಕೇಳೂದು?’ ಎಂದಳು. ದೊಡ್ಡಪ್ಪ ತೊಡೆ ತಟ್ಟಿದ ಸದ್ದು ನನಗೆ ಅಲ್ಲಿಯೂ ಕೇಳಿಸಿತು.

ಎಲ್ಲಕ್ಕಿಂತ ಗಟ್ಟಿಯಾದ ಸಮರ್ಥನೆ ನಾಲ್ಕನೆಯದು, ‘ನಮ್ಮವರು’. ಇದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಜಗುಲಿಯ ಗಾಳಿಯಲ್ಲಿ ಇರುತ್ತದೆ. ನಮ್ಮ ಜಾತಿ, ನಮ್ಮ ಸೀಮೆ, ನಮ್ಮ ಮಾತಿನ ರಾಗ. ಹೊರಗಿನವನು ತಪ್ಪು ಮಾಡಿದರೆ ಕಳ್ಳ. ನಮ್ಮವನು ಮಾಡಿದರೆ ಅವನಿಗೆ ಯಾರೋ ಮೋಸ ಮಾಡಿದರು. ಮನೆಯಲ್ಲಿ ಮಗ ಮಾಡಿದ ಸಾಲವನ್ನು ಸೊಸೆಯ ಕಾಲ್ಗುಣಕ್ಕೆ ಹಾಕುವುದೂ ಇದೇ ಬುದ್ಧಿಯಿಂದ. ಆ ಬುದ್ಧಿಗೆ ತುತ್ತಾಗಿ ಬಳಲಿದವರು ನಾವು. ಹಾಗಿದ್ದೂ ರಾಜಕಾರಣಕ್ಕೆ ಬಂದಾಗ ನಾವೇ ಅತ್ತೆಯ ಪಾತ್ರ ಹಾಕಿಕೊಂಡು ಕೂಡುತ್ತೇವೆ.

ಇದರಿಂದ ನಷ್ಟವಾದದ್ದು ಮಾತಿಗೆ. ನಮ್ಮ ಶಾಲೆಗಳಿಗೆ ಮೌಲ್ಯ ಶಿಕ್ಷಣ ಎಂಬ ವಿಷಯ ಬಂತು. ನಾನು ಆ ಪಾಠ ಶುರು ಮಾಡಿದ ಮೊದಲ ವರ್ಷ, ಶಿಕ್ಷಕರ ಕೋಣೆಯಲ್ಲಿ ಒಬ್ಬರು ‘ಏನು ಮೇಡಂ, ಮೌಲ್ಯಾಧಾರಿತವೋ?’ ಎಂದು ಕೇಳಿ ನಕ್ಕರು. ಎಲ್ಲರೂ ನಕ್ಕರು. ಒಳ್ಳೆಯ ಮಾತೊಂದು ನಗೆಪಾಟಲಾದ ಮೇಲೆ ಅದನ್ನು ಹತ್ತು ವರ್ಷದ ಮಕ್ಕಳ ಮುಂದೆ ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವರಿಗೇ ಗೊತ್ತು. ಮೌಲ್ಯ ಎಂಬ ಮಾತನ್ನೇ ಎತ್ತದ ರಾಜಕಾರಣಿ ಅದಕ್ಕೆ ಇಷ್ಟು ಹಾನಿ ಮಾಡಲಾರ. ಅದನ್ನು ಎತ್ತಿ ಹಿಡಿದು, ಬೇಕಾದಾಗ ಉತ್ತರ ಕೊಡದೆ ಅದರ ಹಿಂದೆ ನಿಂತವರಿಂದಲೇ ಹೆಚ್ಚು ಹಾನಿಯಾಯಿತು.

ನಮ್ಮ ಸಿದ್ದಾಪುರದ ನೆಲಕ್ಕೆ ದೊಡ್ಮನೆಗಿಂತ ಹಿಂದಿನ ಇನ್ನೊಂದು ನೆನಪಿದೆ. 1932ರ ಸುಮಾರಿಗೆ ಕರನಿರಾಕರಣೆ ಮಾಡಿದ ರೈತರ ಮನೆ, ತೋಟಗಳನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಅವನ್ನು ಕೊಂಡವರೂ ಈ ಸೀಮೆಯವರೇ. ಆಗ ಮಾವಿನಗುಂಡಿಯಲ್ಲಿ ಹೆಂಗಸರು, ಹರಾಜಿನ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕೂತರು. ಬಂದೂಕು ಹಿಡಿಯಲಿಲ್ಲ, ಬೈಯಲಿಲ್ಲ. ಬಾಗಿಲ ಮುಂದೆ ಕೂತು, ನೀವು ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಅಲ್ಲಿಂದ ಕದಲಿಸಲಿಲ್ಲ. ಜೋಗಕ್ಕೆ ಹೋಗುವವರು ಆ ಊರನ್ನು ದಾಟಿಯೇ ಹೋಗುತ್ತಾರೆ. ಹೋದ ವರ್ಷ ನಮ್ಮ ಶಾಲೆಯ ಪ್ರವಾಸದಲ್ಲಿ ಬಸ್ಸು ನಿಲ್ಲಿಸಿ ಮಕ್ಕಳಿಗೆ ಈ ಕತೆ ಹೇಳಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಅವರು ಎದುರು ಕೂತಿದ್ದು ಗುರ್ತಿನವರ ಮನೆ ಎದುರಿಗೇ ಅಲ್ದಾ ಟೀಚರ್? ಅವರಿಗೆ ನಾಚಿಕೆ ಆಗಲಿಲ್ವಾ?’

ಆಗಿರಬೇಕು ಮಗಾ, ಎಂದೆ. ಆದರೂ ಕೂತರು.